ವಾಮನಮೂರ್ತಿಗಳ ಮಹಾಗೂಡು

"ಕಮಲಾಕ್ಷಮ್ಮನೋರೇ, ಕಾಫಿ ಲೋಟ ಕೆಳಗಿಡಿ! ಈಗ ನಾನು ತೋರಿಸೋದನ್ನ ನೋಡಿದ್ರೆ ನಿಮ್ಮ ಕೈ ನಡುಗುತ್ತೆ!"

ಪಕ್ಕದ ಮನೆಯ ವಾಮನಮೂರ್ತಿಗಳು ಹೀಗೆ ಎಚ್ಚರಿಸಿದರೂ ನಾನು ಲೋಟ ಕೆಳಗಿಡಲಿಲ್ಲ. ಮೂವತ್ತೆಂಟು ವರ್ಷದಿಂದ ಅವರ ನೆರೆಯಲ್ಲಿದ್ದೇನೆ. ಅವರ ತಾನೇ ತಿರುಗುವ ರುಬ್ಬುಗುಂಡು ಕಾಂಪೌಂಡು ಹಾರಿ ನಮ್ಮ ತುಳಸಿಕಟ್ಟೆಯವರೆಗೆ ಬಂದದ್ದನ್ನು ಕಂಡಿದ್ದೇನೆ. ಸೊಳ್ಳೆ ಓಡಿಸಲೆಂದು ಅವರು ಕಟ್ಟಿದ ಯಂತ್ರ ಇಡೀ ಅರಸೀಕೆರೆಯ ಸೊಳ್ಳೆಗಳನ್ನು ನಮ್ಮ ಬೀದಿಗೇ ಕರೆಸಿಕೊಂಡದ್ದನ್ನೂ ಕಂಡಿದ್ದೇನೆ. ಮೇಲಾಗಿ, ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತೈದು ವರ್ಷ ಕೂತು ರಿಟೈರಾದವಳ ಕೈ ಅಷ್ಟು ಸುಲಭಕ್ಕೆ ನಡುಗುವುದಿಲ್ಲ.

ಮೂರ್ತಿಗಳದ್ದು ಒಂದು ಕಾಲಕ್ಕೆ ಹೆಸರಾದ ಪ್ರಿಂಟಿಂಗ್ ಪ್ರೆಸ್ಸು. ತಾಲ್ಲೂಕಿನ ಅರ್ಧಕ್ಕರ್ಧ ಮದುವೆ ಕಾರ್ಡುಗಳು ಅವರ ಟ್ರೆಡಲ್ ಮಷೀನಿನಲ್ಲೇ ಅಚ್ಚಾದವು. ಜನ ಕಾರ್ಡು ಬಿಟ್ಟು ಮೊಬೈಲಿನಲ್ಲಿ ಕರೆಯಲು ಶುರು ಮಾಡಿದ ಮೇಲೆ ಪ್ರೆಸ್ಸು ಮುಚ್ಚಿತು. ಮೂರ್ತಿಗಳ ತಲೆ ಮಾತ್ರ ಮುಚ್ಚಲಿಲ್ಲ. ಅದೇ ನಮ್ಮ ಬೀದಿಯ ಗ್ರಹಚಾರ!

ಶೆಡ್ಡಿನೊಳಗೆ ಹೋಗಿ ನೋಡಿದೆ. ಅಚ್ಚುಮೊಳೆ ಇಡುತ್ತಿದ್ದ ಹಳೆಯ ತೇಗದ ಗೂಡು ಗೋಡೆಗೊರಗಿ ನಿಂತಿತ್ತು. ಅದರ ಖಾನೆಗಳಲ್ಲಿ ಈಗ ಸೀಸದ ಮೊಳೆಗಳ ಬದಲು ಬೆಲ್ಲದಚ್ಚಿನಷ್ಟು ದಪ್ಪದ ಹಿತ್ತಾಳೆ ತುಂಡುಗಳು. ಒಂದೊಂದರೊಳಗೂ ನೀಲಿ ಬೆಳಕು ಮಿಣುಕುತ್ತಿತ್ತು. ಪಕ್ಕಕ್ಕೆ ಟ್ರೆಡಲ್ ಮಷೀನಿನ ದೊಡ್ಡ ಚಕ್ರ ಜೋಡಿಸಿದ್ದರು. ಅದರಿಂದ ಹೊರಟ ವೈರುಗಳು ಮಾಡಿನ ತೂತಿನಿಂದ ಆಕಾಶಕ್ಕೆ ಹೋಗಿದ್ದವು.

"ಇದರ ಹೆಸರು ಮಹಾಗೂಡು!" ಎಂದರು ಮೂರ್ತಿಗಳು, ಎದೆ ಉಬ್ಬಿಸಿ.

"ಪಾರಿವಾಳ ಸಾಕ್ತೀರಾ?"

"ಅಯ್ಯೋ! ಇದು ಕೋಡಿನ ಲೈಬ್ರರಿ ಕಣ್ರೀ! ಒಂದು ವೆಬ್ ಪುಟ ಅಂದ್ರೆ ಏನೇನ್ ಬೇಕು, ಹೇಳಿ? ಮೇಲೊಂದು ತಲೆಕಟ್ಟು, ನಡುವೆ ಒಡಲು, ಕೆಳಗೆ ಅಡಿಸಾಲು. ಈ ಊರಲ್ಲಿ ನಲವತ್ಮೂರು ಜನ ನನ್ನ ಹತ್ರ ಪುಟ ಮಾಡಿಸ್ಕೊಂಡಿದಾರೆ. ನಲವತ್ಮೂರು ಸಲ ಕೂತ್ಕೊಂಡು ಬರೀಲಾ? ದಡ್ಡರ ಕೆಲಸ! ಪುಟದ ಮಾದರಿ ಒಂದೇ ಸಲ ಮಾಡಿ, ಪೊಟ್ಟಣ ಕಟ್ಟಿ, ಈ ಖಾನೆಗಳಲ್ಲಿ ಇಟ್ಟುಬಿಟ್ಟೆ. ಹಲ್ಲಿನ ಆಸ್ಪತ್ರೆ, ಹಾಲಿನ ಡೇರಿ, ಡ್ರೈವಿಂಗ್ ಸ್ಕೂಲು, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ತಿಂಡಿ ತೋರಿಸೋ ಟಿವಿ ಬೋರ್ಡು, ಎಲ್ಲಾ ಇಲ್ಲಿಂದಲೇ ಎಳ್ಕೊಳ್ತವೆ. ಹೆಸರು ಅವರವರದ್ದು, ಮಿಕ್ಕಿದ್ದೆಲ್ಲ ನನ್ನ ಗೂಡಿಂದು!"

"ಪ್ರೆಸ್ಸಲ್ಲೂ ಹೀಗೇ ಮಾಡ್ತಿದ್ರಲ್ಲ ನೀವು?"

"ಅಲ್ಲಿಂದಲೇ ಬಂದಿದ್ದು ಐಡಿಯಾ! ಮದುವೆ ಕಾರ್ಡಿನ ಪುಟ ಒಂದ್ಸಲ ಕಂಪೋಸ್ ಮಾಡಿ ದಾರದಲ್ಲಿ ಬಿಗಿದು ಗೂಡಿಗಿಟ್ರೆ ಮುಗೀತು. ಆಮೇಲೆ ಹುಡುಗ ಹುಡುಗಿ ಹೆಸರು, ಛತ್ರದ ಹೆಸರು ಕಿತ್ತು ಬೇರೆ ಸೇರಿಸೋದು. ನಲವತ್ತು ವರ್ಷ ಒಂದೇ ಪುಟದಲ್ಲಿ ಊರಿಗೆಲ್ಲ ಮದುವೆ ಮಾಡ್ಸಿದೀನಿ ನಾನು!"

"ಮನೆಗೆ ಒಂದು ಹೊಸ ಪಾತ್ರೆ ತಂದಿಲ್ಲ, ಆ ಹಿತ್ತಾಳೆನೆಲ್ಲ ತಂದು ಇಲ್ಲಿ ತುಂಬಿದಾರೆ" ಎಂದರು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಅಲಮೇಲು.

ಮೂರ್ತಿಗಳು ಅದು ಕೇಳಿಸದವರಂತೆ ಚಕ್ರದ ಪೆಡಲು ತುಳಿದರು. ಗೂಡು ಗಡಗಡ ಅಂದಿತು. ಮೂರು ಖಾನೆಗಳು ತಾವಾಗಿ ಹೊರಬಂದು ಒಳಸರಿದವು. ನನ್ನ ಮೊಬೈಲಿನಲ್ಲಿ ಅರಿಶಿನ ಬಣ್ಣದ, ಮಾವಿನೆಲೆ ತೋರಣದ, ನೋಡಿದರೆ ಕಣ್ಣಿಗೊತ್ತಿಕೊಳ್ಳುವಂಥ ಪುಟವೊಂದು ತೆರೆದುಕೊಂಡಿತು. "ಚಿ. ಚೆಲುವರಾಜು ಮತ್ತು ಚಿ. ಸೌ. ಇಂದುಮತಿ ಇವರ ನಿಶ್ಚಿತಾರ್ಥ. ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ." ಕೆಳಗೆ ನಮ್ಮ ಮನೆಯ ವಿಳಾಸ. ಅದರ ಬೆನ್ನಿಗೇ ಗೂಡಿನ ಹೊಟ್ಟೆಯಿಂದ ಮೂರ್ತಿಗಳದ್ದೇ ಗಂಟಲು ಕೂಗಿತು: "ಅಚ್ಚಾಯ್ತು!"

ನಿಜ ಹೇಳುತ್ತೇನೆ, ಕೈ ನಡುಗಿತು. ಯಂತ್ರಕ್ಕಲ್ಲ, ತಮ್ಮನ ಹೆಸರಿನ ಪಕ್ಕದಲ್ಲಿ ಕೊನೆಗೂ ಒಂದು ಹುಡುಗಿಯ ಹೆಸರು ಕಂಡದ್ದಕ್ಕೆ.

ನನ್ನ ತಮ್ಮ ಚೆಲುವರಾಜುವಿಗೆ ನಲವತ್ತೊಂದು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಇನ್ನೂರು ಮಕ್ಕಳನ್ನು ಒಂದು ವಿಷಲ್ಲಿನಲ್ಲಿ ನಿಲ್ಲಿಸುವ ಗಂಡಸು, ಹೆಣ್ಣು ನೋಡಲು ಹೋದಾಗ ಮಾತ್ರ ನೀರು ಕೊಡಿ ಎಂದು ಕೇಳಲೂ ಬಾಯಿ ಬಿಡುತ್ತಿರಲಿಲ್ಲ. ಹನ್ನೊಂದು ಸಂಬಂಧ ಹೀಗೇ ತಪ್ಪಿಹೋದವು. ಒಬ್ಬರಂತೂ ಹುಡುಗನಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡು ಎದ್ದುಹೋದರು. ಹನ್ನೆರಡನೆಯದು ಹಾಸನದ ಇಂದುಮತಿ, ಸೈನ್ಸ್ ಟೀಚರು. ಅವಳು ಇವನನ್ನು ಮಾತಾಡಿಸುವ ಗೋಜಿಗೇ ಹೋಗದೆ, ಹಿತ್ತಲಲ್ಲಿ ಶಟಲ್ ಬ್ಯಾಟು ಕೈಗೆ ಕೊಟ್ಟು ಎರಡು ಆಟ ಸೋಲಿಸಿ ಕಳಿಸಿದಳು. ಅವತ್ತಿನಿಂದ ನಮ್ಮ ಚೆಲುವ ಮನೆಯೊಳಗೆ ಮೆಲ್ಲಗೆ ವಿಷಲ್ ಹಾಕುತ್ತ ಓಡಾಡುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ನಾನು. ಈ ಸಂಬಂಧವೂ ತಪ್ಪಿದರೆ ಇನ್ನೊಂದು ಮನೆಯ ಮೆಟ್ಟಿಲು ಹತ್ತುವ ಶಕ್ತಿ ನನ್ನಲ್ಲೂ ಇರಲಿಲ್ಲ, ಅವನಲ್ಲೂ ಇರಲಿಲ್ಲ.

ತೊಡಕಿದ್ದದ್ದು ಹುಡುಗಿಯ ಅಪ್ಪನಲ್ಲಿ. ಸಣ್ಣರಂಗಪ್ಪನವರು ರಿಟೈರಾದ ಸಬ್‌ರಿಜಿಸ್ಟ್ರಾರು. ಬಾಯಿಮಾತು ಅವರ ಕಿವಿಗೆ ಹೋಗುವುದಿಲ್ಲ. ಬರೆದದ್ದೇ ಸತ್ಯ! "ಕರೆಯೋದನ್ನ ಬರವಣಿಗೇಲಿ ಕಳ್ಸಿಯಮ್ಮಾ, ಫೈಲಿಗೆ ಹಾಕ್ಕೋಬೇಕು" ಎಂದು ಅವರು ಅಪ್ಪಣೆ ಮಾಡಿದ್ದರಿಂದಲೇ ನಾನು ಮೂರ್ತಿಗಳ ಶೆಡ್ಡಿಗೆ ಕಾಲಿಟ್ಟದ್ದು.

ಪುಟ ಕಳಿಸಿದೆ. ಅವತ್ತು ಬುಧವಾರ.

ಗುರುವಾರ ಬೆಳಗ್ಗೆ ರಂಗಪ್ಪನವರ ಫೋನು. "ಪುಟ ಚೆನ್ನಾಗದೆ. ಆದ್ರೆ ನಮ್ಮನೆ ದೇವ್ರು ರಂಗನಾಥಸ್ವಾಮಿ. ಪುಟದ ತಲೆ ಮೇಲೆ ಆ ಹೆಸ್ರು ಬರ್ಬೇಕು."

ಮೂರ್ತಿಗಳಿಗೆ ಹೇಳಿದೆ. "ಇಷ್ಟೇನಾ!" ಎಂದು ತಲೆಕಟ್ಟಿನ ಖಾನೆ ಎಳೆದು, ಹಿತ್ತಾಳೆ ತುಂಡನ್ನು ಚಿಮಟದಲ್ಲಿ ತಿವಿದು, ಪೆಡಲು ತುಳಿದರು. "ಅಚ್ಚಾಯ್ತು!" ಎಂದಿತು ಗೂಡು. ಆಮೇಲೆ ಮತ್ತೆ "ಅಚ್ಚಾಯ್ತು!" ಮತ್ತೆ "ಅಚ್ಚಾಯ್ತು!" ಎಷ್ಟು ಹೊತ್ತಾದರೂ ನಿಲ್ಲಲೇ ಇಲ್ಲ.

"ಯಾಕ್ರೀ ಇಷ್ಟು ಸಲ ಕೂಗ್ತಾ ಇದೆ?"

"ಖುಷಿಗೆ" ಎಂದರು ಮೂರ್ತಿಗಳು.

ಮಧ್ಯಾಹ್ನದ ಹೊತ್ತಿಗೆ ಹಲ್ಲಿನ ಆಸ್ಪತ್ರೆಯ ಪುಟದಲ್ಲಿ ಶ್ರೀ ರಂಗನಾಥಸ್ವಾಮಿ ಪ್ರಸನ್ನ! ಹಾಲಿನ ಡೇರಿಯಲ್ಲಿ, ಹೋಟೆಲಿನ ಬೋರ್ಡಿನಲ್ಲಿ ಇಡ್ಲಿ ವಡೆಯ ನೆತ್ತಿಯ ಮೇಲೆ, ಎಲ್ಲೆಲ್ಲೂ ರಂಗನಾಥಸ್ವಾಮಿ ಪ್ರಸನ್ನ! ಯಾರೂ ಜಗಳಕ್ಕೆ ಬರಲಿಲ್ಲ. ದಂತವೈದ್ಯೆ ಡಾಕ್ಟರ್ ಕುಮುದಾ ಅಂತೂ, ರೋಗಿಗಳು ಕುರ್ಚಿಯಲ್ಲಿ ಕೂತು ಕೈಮುಗಿಯುತ್ತಿದ್ದಾರೆ, ಅಳುವುದು ಕಡಿಮೆಯಾಗಿದೆ ಎಂದು ಫೋನು ಮಾಡಿ ಸಂತೋಷಪಟ್ಟರು.

"ನೋಡಿದ್ರಾ? ಒಂದು ಕಡೆ ತಿದ್ದಿದ್ರೆ ನಲವತ್ಮೂರು ಕಡೆ ತಿದ್ದಿದಂಗೆ! ಗೂಡಿನ ಮಹಿಮೆ!" ಎಂದರು ಮೂರ್ತಿಗಳು.

ಶುಕ್ರವಾರ ಡ್ರೈವಿಂಗ್ ಸ್ಕೂಲಿನ ಮಾದೇಶ ಮೂರ್ತಿಗಳ ಹತ್ತಿರ ಬಂದು, ಕಲಿಯಲು ಬರುವವರು ಬರಿತಲೆಯಲ್ಲಿ ಬರುತ್ತಾರೆ, ಪುಟದಲ್ಲಿ ಒಂದು ಸಾಲು ಸೇರಿಸಿ ಎಂದ. ಕರಪತ್ರದಲ್ಲೂ ಬೇಕು ಎಂದದ್ದಕ್ಕೆ ಮೂರ್ತಿಗಳು ಹಳೆಯ ಸೀಸದ ಮೊಳೆಗಳಲ್ಲೂ ಅದೇ ಸಾಲನ್ನು ಕಂಪೋಸ್ ಮಾಡಿ, ದಾರದಲ್ಲಿ ಬಿಗಿದು ಪಕ್ಕಕ್ಕಿಟ್ಟರು. ಆಮೇಲೆ ಮಹಾಗೂಡಿನ ಅಡಿಸಾಲಿನ ಖಾನೆ ಎಳೆದರು.

ನಾನು ಚಕ್ಕುಲಿ ಒತ್ತುತ್ತಿದ್ದೆ. ಫೋನು ಬಂತು.

"ಕಮಲಾಕ್ಷಮ್ಮ, ನಾನು ಸಣ್ಣರಂಗಪ್ಪ. 'ಹೆಲ್ಮೆಟ್ ಧರಿಸಿಯೇ ಬರಬೇಕು. ಇಲ್ಲದವರನ್ನು ಬಾಗಿಲಿನಿಂದಲೇ ವಾಪಸು ಕಳಿಸಲಾಗುವುದು.' ಏನಮ್ಮಾ ಇದು?"

ನಾನು ಮೊಬೈಲು ನೋಡಿದೆ. ನಮ್ಮ ಪುಟದಲ್ಲಿ, ತೋರಣದ ಕೆಳಗೆ, ದಪ್ಪಕ್ಷರದಲ್ಲಿ ಹಾಗೇ ಇತ್ತು! ಕೌಂಟರಿನ ಅಭ್ಯಾಸ, ಬಾಯಿ ತಾನಾಗಿ ಏನೋ ಹೇಳಿತು. "ಅದು... ನಮ್ಮ ಹುಡುಗ ಡ್ರಿಲ್ ಮೇಷ್ಟ್ರಲ್ವಾ ಸಾಹೇಬ್ರೇ. ಶಿಸ್ತು ಜಾಸ್ತಿ."

ರಂಗಪ್ಪನವರ ದನಿ ಮೆತ್ತಗಾಯಿತು. "ನಾವು ಬರೋದು ಬಸ್ಸಲ್ಲಿ."

"ಬಸ್ಸಲ್ಲಿ ಬರೋರಿಗೆ ಬೇಡ ಬಿಡಿ."

"ಹಂಗಂತ ಬರ್ದಿಲ್ವಲ್ಲಮ್ಮಾ. ನಿಯಮ ಅಂದ್ರೆ ನಿಯಮ. ಇಪ್ಪತ್ತೆರಡು ಜನ ಬರ್ತೀವಿ. ಇಪ್ಪತ್ತೆರಡು ಹೆಲ್ಮೆಟ್ ಹೊಂದಿಸ್ತೀನಿ."

ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಪಕ್ಕದ ಮನೆಗೆ ಓಡಿದೆ.

"ಮೂರ್ತಿಗಳೇ! ಮಾದೇಶನ ಸಾಲು ನಮ್ಮ ನಿಶ್ಚಿತಾರ್ಥಕ್ಕೆ ಯಾಕ್ರೀ ಬಂತು?"

"ಅಡಿಸಾಲು ಒಂದೇ ಅಲ್ವಾ? ಎಲ್ಲರೂ ಅಲ್ಲಿಂದಲೇ ಎಳ್ಕೊಳ್ಳೋದು."

"ಹಂಗಿದ್ರೆ ನಮ್ಮದೊಂದು ಬೇರೆ ಮಾಡಿ ಇಡಿ!"

ಮೂರ್ತಿಗಳು ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿ, ನಾನೇನೋ ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದೆ ಅನ್ನುವಂತಿತ್ತು. "ನಕಲಾ? ನನ್ನ ಗೂಡಲ್ಲಿ ನಕಲಾ? ಒಂದೇ ಮಾತನ್ನ ಎರಡು ಕಡೆ ಇಡೋದಾದ್ರೆ ನಾನು ಲೈಬ್ರರಿ ಯಾಕ್ರೀ ಕಟ್ಟಬೇಕಿತ್ತು?"

"ನಿಮ್ಮ ಲೈಬ್ರರಿ ಉಳೀಲಿ ಅಂತ ನನ್ನ ತಮ್ಮ ಬ್ರಹ್ಮಚಾರಿಯಾಗಿ ಉಳೀಬೇಕಾ?"

"ಭಾನುವಾರ ಆಗ್ಲಿ, ಆ ಸಾಲು ತೆಗೀತೀನಿ. ಮಾದೇಶನ ಕ್ಲಾಸು ನಾಳೆ ಇದೆಯಲ್ಲ, ಈಗ ತೆಗೆದ್ರೆ ಅವನು ಕೂಗಾಡ್ತಾನೆ!"

ಮನೆಗೆ ಬಂದೆ. ಬೀಗರು ಹೆಲ್ಮೆಟ್ಟಿಗೆ ಒಪ್ಪಿದ್ದಾರಲ್ಲ, ಒಂದು ದಿನ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಅದೇ ನಾನು ಮಾಡಿದ ತಪ್ಪು.

ಶನಿವಾರ ಡಾಕ್ಟರ್ ಕುಮುದಾ ಫೋನು ಮಾಡಿ, ಹಲ್ಲು ಕೀಳಿಸಿಕೊಳ್ಳಲು ಬರುವವರು ಖಾಲಿ ಹೊಟ್ಟೆಯಲ್ಲಿ ಬಂದು ತಲೆತಿರುಗಿ ಬೀಳುತ್ತಿದ್ದಾರೆ, ಪುಟದಲ್ಲಿ ಒಂದು ಸೂಚನೆ ಹಾಕಿ ಎಂದರಂತೆ. ಮೂರ್ತಿಗಳ ಕೈ ಸುಮ್ಮನಿರುತ್ತದೆಯೇ! ಅಡಿಸಾಲಿನ ಖಾನೆ, ಚಿಮಟ, ಪೆಡಲು. ನಲವತ್ಮೂರು ಸಲ ಅಚ್ಚಾಯ್ತು ಅಚ್ಚಾಯ್ತು ಎಂದು ಗೂಡು ಕೂಗಿದ್ದು ನನ್ನ ಅಡುಗೆಮನೆಗೇ ಕೇಳಿಸಿತು. ನಾನು ಮೊಬೈಲು ತೆರೆದೆ.

"ಎಲ್ಲರೂ ಮನೆಯಲ್ಲೇ ಊಟ ಮುಗಿಸಿಕೊಂಡು ಬರತಕ್ಕದ್ದು. ಇಲ್ಲಿಗೆ ಬಂದ ಮೇಲೆ ನಾಲ್ಕು ಗಂಟೆಯ ಕಾಲ ಏನನ್ನೂ ತಿನ್ನುವಂತಿಲ್ಲ."

ನಮ್ಮ ಕಡೆ ಬೀಗರಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಹೊಡೆದರೂ ಬೈದರೂ ಮರೆತಾರು. ಎಲೆ ಹಾಕುವ ಮೊದಲೇ ಉಂಡು ಬನ್ನಿ ಅಂದರೆ ಮೂರು ತಲೆಮಾರು ಮರೆಯುವುದಿಲ್ಲ! ಹೋಳಿಗೆ ಹೂರಣ ರುಬ್ಬಿಸುತ್ತಿದ್ದ ನಾನು ಅಲ್ಲೇ ಮಣೆಯ ಮೇಲೆ ಕುಸಿದೆ.

ಫೋನು ಬಂತು. ಈ ಸಲ ರಂಗಪ್ಪನವರ ದನಿ ಕೋರ್ಟಿನಲ್ಲಿ ತೀರ್ಪು ಓದಿದ ಹಾಗಿತ್ತು.

"ನಾಳೆ ಬರ್ತೀವಿ. ಬರ್ದಿರೋ ಪ್ರಕಾರ ಹೆಲ್ಮೆಟ್ ಹಾಕ್ಕೊಂಡು, ಊಟ ಮುಗಿಸ್ಕೊಂಡೇ ಬರ್ತೀವಿ. ಹುಡುಗನ ಜಾತಕ ವಾಪಸು ಕೊಟ್ಟು, ಸ್ವೀಕೃತಿಗೆ ನಿಮ್ಮ ಸಹಿ ತಗೊಂಡು ಹೊರಡ್ತೀವಿ."

"ಸಾಹೇಬ್ರೇ, ಅದು ತಪ್ಪಾಗಿ..."

"ಬರವಣಿಗೇಲಿ ಬಂದದ್ದಕ್ಕೆ ಬಾಯಲ್ಲಿ ತಿದ್ದುಪಡಿ ಇಲ್ಲಮ್ಮ."

ಫೋನು ಇಟ್ಟರು. ತಿರುಗಿ ನೋಡಿದರೆ ಬಾಗಿಲಲ್ಲಿ ಚೆಲುವ ನಿಂತಿದ್ದ. ಹೊಸ ಶರ್ಟಿಗೆ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. "ಪರವಾಗಿಲ್ಲ ಬಿಡಕ್ಕ" ಎಂದ. ಶರ್ಟನ್ನು ಮಡಿಕೆ ಕೆಡದಂತೆ ಬೀರುವಿನಲ್ಲಿಟ್ಟ. ಅವತ್ತಿಡೀ ಮನೆಯಲ್ಲಿ ವಿಷಲ್ಲಿನ ಸದ್ದಿಲ್ಲ. ನನಗೆ ಅತ್ತುಬಿಡುವಷ್ಟು ಸಂಕಟವಾಯಿತು. ಅಳುವ ಬದಲು ಲಟ್ಟಣಿಗೆ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ.

ಲಟ್ಟಣಿಗೆ ಬೇಕಾಗಲಿಲ್ಲ. ಅಲಮೇಲು ಅಷ್ಟರಲ್ಲೇ ಶುರು ಮಾಡಿದ್ದರು. "ನಲವತ್ತೊಂದು ವರ್ಷದ ಹುಡುಗನ ಬಾಳು ಕೆಡಿಸಿ ಕೂತಿದೀರಲ್ರೀ! ಆ ಮಗುಗೆ ನಾನು ತಟ್ಟೇಲಿ ಅನ್ನ ಕಲಸಿ ಹಾಕಿದೀನಿ!"

ಮೂರ್ತಿಗಳು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. "ನನಗೆ ಹೊಳೀಲೇ ಇಲ್ಲ ಕಮಲಾಕ್ಷಮ್ಮನೋರೇ. ನಲವತ್ತು ವರ್ಷ ಕಟ್ಟಿದ ಪುಟವನ್ನ ಬಿಚ್ಚಿ, ಅಲ್ಲೇ ತಿದ್ದಿ, ಮತ್ತೆ ಕಟ್ಟಿ ಅಭ್ಯಾಸ. ಅವಾಗ ಏನೂ ಆಗ್ತಿರಲಿಲ್ಲ. ಅಚ್ಚಾಗಿ ಹೋದ ಕಾರ್ಡು ಮತ್ತೆ ಪ್ರೆಸ್ಸಿನ ಕಡೆ ತಿರುಗಿ ನೋಡ್ತಿರಲಿಲ್ಲ. ಇವು ಹಂಗಲ್ಲ. ಹೊರಗೆ ಹೋದ್ರೂ ನಿಮಿಷಕ್ಕೊಂದು ಸಲ ಗೂಡನ್ನೇ ನೋಡ್ತಾ ಇರ್ತವೆ!"

"ಈಗ ಹೊಳೀತಲ್ಲ. ನಮ್ಮದನ್ನ ಬೇರೆ ಮಾಡಿ."

"ನಕಲು..." ಎಂದು ಬಾಯಿ ತೆರೆದವರು ಲಟ್ಟಣಿಗೆ ನೋಡಿ ಮುಚ್ಚಿದರು. "ಬೆಳಗ್ಗೆ ಎದ್ದು ಮೊದಲ ಕೆಲಸ ಅದೇ. ನಿಮ್ಮ ಪುಟಾನ ಹೆಸರು ಸಮೇತ ಒಂದೇ ತುಂಡಿಗೆ ಇಳಿಸ್ಕೊತೀನಿ. ಆಮೇಲೆ ಆ ಎರಡು ಕೆಟ್ಟ ಸಾಲು ಕಿತ್ತು ಹಾಕ್ತೀನಿ. ಗೂಡಿಗೂ ಅದಕ್ಕೂ ಸಂಬಂಧನೇ ಇರಲ್ಲ!"

ಭಾನುವಾರ ಒಂಬತ್ತು ಗಂಟೆಗೆ ನಾನೇ ಎದುರು ನಿಂತು ಮಾಡಿಸಿದೆ. ಹೊಸ ಹಿತ್ತಾಳೆ ತುಂಡಿನೊಳಗೆ ನಮ್ಮ ಪುಟ ಇಳಿಯಿತು, ಚೆಲುವನ ಹೆಸರು, ಇಂದುಮತಿಯ ಹೆಸರು, ನಮ್ಮ ಮನೆ ವಿಳಾಸ, ಹೆಲ್ಮೆಟ್ಟು, ಊಟ ಎಲ್ಲವೂ ಇದ್ದ ಹಾಗೇ. ಮೂರ್ತಿಗಳು ಅದನ್ನು ದಾರದಲ್ಲಿ ಬಿಗಿದರು. "ಚಿಮಟ ಎಲ್ಲಿ?" ಎಂದು ತಿರುಗಿದರು. ಚಿಮಟ ಕಿಟಕಿಯ ಮೇಲಿತ್ತು. ಅದಕ್ಕೆ ಬಲಗೈ ಚಾಚಿದರು. ಎಡಗೈ, ನಲವತ್ತು ವರ್ಷ ಕಲಿತ ಕೆಲಸವನ್ನು ಯಾರನ್ನೂ ಕೇಳದೆ ಮಾಡಿತು. ದಾರ ಬಿಗಿದ ಪುಟವನ್ನು ಗೂಡಿಗಿಟ್ಟಿತು!

"ಮೂರ್ತಿಗಳೇ!" ಎಂದು ಕಿರುಚಿದೆ.

ಗೂಡು ಒಮ್ಮೆ ನಿಟ್ಟುಸಿರು ಬಿಟ್ಟಿತು. ಇಷ್ಟು ದಿನ ತುಂಡು ತುಂಡು ಮಾದರಿಗಳನ್ನು ಹಂಚುತ್ತಿದ್ದ ಅದಕ್ಕೆ ಮೊದಲ ಸಲ ಪೂರ್ತಿ ತುಂಬಿದ ಪುಟವೊಂದು ಸಿಕ್ಕಿತ್ತು. ಚಕ್ರ ತಾನಾಗಿ ತಿರುಗಲು ಶುರುವಾಯಿತು. ಖಾನೆಗಳೆಲ್ಲ ಫಟಫಟನೆ ಮುಚ್ಚಿಕೊಂಡವು. "ಅಚ್ಚಾಯ್ತು! ಅಚ್ಚಾಯ್ತು! ಅಚ್ಚಾಯ್ತು!" ಮೂರ್ತಿಗಳು ಖಾನೆಗೆ ಜೋತುಬಿದ್ದರು. ಅಲಮೇಲು ಮೂರ್ತಿಗಳಿಗೆ ಜೋತುಬಿದ್ದರು. ನಾನು ಲಟ್ಟಣಿಗೆಯಲ್ಲಿ ನಾಲ್ಕು ಬಾರಿಸಿದೆ. ಆ ಯಂತ್ರಕ್ಕೆ ಮೈಯೆಲ್ಲ ತೇಗ!

"ಚಕ್ರ ನಿಲ್ಲೋವರೆಗೂ ತೆರೆಯಲ್ಲ" ಎಂದರು ಮೂರ್ತಿಗಳು ಏದುಸಿರಿನಲ್ಲಿ.

"ಯಾವಾಗ ನಿಲ್ಲುತ್ತೆ?"

"ಭಾರದ ಚಕ್ರ ಅದು. ಸಾಯಂಕಾಲ ನಿಲ್ಲಬಹುದು."

ಹತ್ತೂಕಾಲಿಗೆ ಮೊದಲ ಗಿರಾಕಿ ಬಂದ. ಹಾಲಿನ ಡೇರಿಯ ರೇಟು ನೋಡಲು ಹೋಗಿದ್ದವನಂತೆ. ಕ್ಯಾನು ಕೈಯಲ್ಲಿತ್ತು, ತಲೆಯ ಮೇಲೆ ಹೆಲ್ಮೆಟ್ಟು. "ಇಲ್ಲೇ ಅಲ್ವಾ ನಿಶ್ಚಿತಾರ್ಥ? ಊಟ ಮಾಡ್ಕೊಂಡೇ ಬಂದಿದೀನಿ" ಎಂದು ಜಗಲಿಯ ಮೇಲೆ ಕೂತ. ಅವನ ಹಿಂದೆ ಗಲ್ಲ ಊದಿದ ಐದಾರು ಜನ ಹಲ್ಲಿನ ರೋಗಿಗಳು. ಅವರ ಹಿಂದೆ ಡಾಕ್ಟರ್ ಕುಮುದಾ, ಎಲ್ಲ ರೋಗಿಗಳೂ ಇಲ್ಲೇ ಇದ್ದಾರೆಂದು. ಹೋಟೆಲಿನ ಬೋರ್ಡಿನಲ್ಲಿ ಇಡ್ಲಿ ವಡೆ ಮಾಯವಾಗಿ ಚೆಲುವನ ಹೆಸರೇ ಕಂಡದ್ದರಿಂದ ಬಸ್‌ಸ್ಟ್ಯಾಂಡಿನವರು ಬಂದರು. ಮಾದೇಶ ತನ್ನ ಭಾನುವಾರದ ಬ್ಯಾಚನ್ನು ಸಾಲಾಗಿ ಸ್ಕೂಟರಿನಲ್ಲಿ ಕರೆತಂದ. ಕರೆದ ಮೇಲೆ ಹೋಗದಿರುವುದು ಹೇಗೆ? ನಮ್ಮೂರಿನವರು ಆ ಮಟ್ಟಿಗೆ ಮರ್ಯಾದಸ್ಥರು. ಹನ್ನೊಂದರ ಹೊತ್ತಿಗೆ ಬೀದಿಯ ಈ ತುದಿಯಿಂದ ಆ ತುದಿಗೆ ನಾನೂರು ಹೆಲ್ಮೆಟ್ಟುಗಳು! ನಾನು ಅಡುಗೆ ಮಾಡಿಸಿದ್ದದ್ದು ಅರವತ್ತು ಜನಕ್ಕೆ.

ಆ ಹೆಲ್ಮೆಟ್ಟುಗಳ ನಡುವೆ ದಾರಿ ಮಾಡಿಕೊಂಡು ಇನ್ನೂ ಇಪ್ಪತ್ತೆರಡು ಹೆಲ್ಮೆಟ್ಟುಗಳು ಬಂದವು. ಮುಂದಿನದರೊಳಗೆ ಸಣ್ಣರಂಗಪ್ಪನವರ ಬಿಳಿ ಮೀಸೆ ಕಾಣಿಸಿತು. ಕಂಕುಳಲ್ಲಿ ಫೈಲು. ಫೈಲಿನೊಳಗೆ ಜಾತಕ.

ಏನಾದರೂ ಕತೆ ಕಟ್ಟೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಿವಿ ಗಡಚಿಕ್ಕುವ ಹಾಗೆ ವಿಷಲ್ಲು ಕೇಳಿಸಿತು. ಇಡೀ ಬೀದಿ ಅಟೆನ್ಷನ್ನಿಗೆ ನಿಂತಿತು. ಜಗಲಿಯ ಮೇಲೆ, ಇಸ್ತ್ರಿ ಶರ್ಟು ತೊಟ್ಟು, ನನ್ನ ತಮ್ಮ!

"ಸಾರ್" ಎಂದ. ದನಿ ನಡುಗುತ್ತಿತ್ತು, ಆದರೆ ಇತ್ತು! "ಅಕ್ಕ ಶಿಸ್ತು ಗಿಸ್ತು ಅಂದಿದ್ದೆಲ್ಲ ಸುಳ್ಳು. ಪುಟ ತಪ್ಪಾಗಿ ಬದಲಾಗಿದ್ದು. ನಿಮಗೆ ಉಂಡು ಬನ್ನಿ ಅನ್ನೋ ಮನೆ ಇದಲ್ಲ. ಮೂರು ದಿನದಿಂದ ನಮ್ಮಕ್ಕ ಒಲೆ ಮುಂದೆ ಇದಾಳೆ. ನೀವು ಜಾತಕ ಕೊಟ್ಟು ಹೋದ್ರೂ ಸರಿ, ಊಟ ಮಾಡ್ಕೊಂಡು ಹೋಗಿ."

ಹುಟ್ಟಿದಾಗಿನಿಂದ ಅವನು ಒಟ್ಟಿಗೆ ಅಷ್ಟು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಕಣ್ಣು ತುಂಬಿ ಬಂತು.

ರಂಗಪ್ಪನವರು ಹೆಲ್ಮೆಟ್ಟು ತೆಗೆಯಲಿಲ್ಲ. ಜೇಬಿನಿಂದ ಪುಟ್ಟ ನೋಟುಬುಕ್ಕು ತೆಗೆದರು. "ತಪ್ಪಾಗಿ ಅಂತೀಯಲ್ಲಪ್ಪ. ಬಸ್ಸಿಳಿದ ತಕ್ಷಣ ಹೋಟೆಲ್ ಬೋರ್ಡಲ್ಲಿ ನನ್ನ ಮಗಳ ಹೆಸ್ರು, ನಿನ್ನ ಹೆಸ್ರು. ಹಾಲಿನ ಡೇರೀಲಿ ಅದೇ. ಹಲ್ಲಿನ ಆಸ್ಪತ್ರೇಲಿ ಅದೇ. ದಾರೀಲಿ ಯಾರ ಮೊಬೈಲ್ ಇಣುಕಿದ್ರೂ ಅದೇ. ಹದಿನೇಳು ಕಡೆ ಬರ್ಕೊಂಡಿದೀನಿ. ಒಂದಕ್ಷರ ವ್ಯತ್ಯಾಸ ಇಲ್ಲ. ಮೂವತ್ತಾರು ವರ್ಷ ಸರ್ವೀಸಲ್ಲಿ ಇಷ್ಟು ಕಡೆ ಒಂದೇ ತರ ಬರ್ದಿರೋ ಪತ್ರ ನಾನು ನೋಡಿಲ್ಲ. ಸಾಕ್ಷಿಗಳು ಬೇರೆ ನಾನೂರು ಜನ." ನೋಟುಬುಕ್ಕು ಮುಚ್ಚಿದರು. "ಇದು ದಾಖಲಾಗಿ ಹೋಗ್ಯದೆ. ಇದನ್ನ ರದ್ದು ಮಾಡೋ ಅಧಿಕಾರ ನನಗಿಲ್ಲ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಅಂದ್ರೆ?"

"ಅಂದ್ರೆ ತಾಂಬೂಲ ತನ್ನಿ ಅಂತ! ಆದ್ರೆ ಊಟ ಆಗಲ್ಲ. ಬರ್ದಿರೋ ಪ್ರಕಾರ ನಾವು ಮನೇಲೇ ಮುಗಿಸ್ಕೊಂಡು ಬಂದಿದೀವಿ."

ಆಗ ಪಕ್ಕದ ಕೆಂಪು ಹೆಲ್ಮೆಟ್ಟಿನ ಗಾಜು ಮೇಲೆದ್ದಿತು. ಒಳಗೆ ಇಂದುಮತಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. "ನಾನು ಮುಗಿಸಿಲ್ಲಪ್ಪ. ಇವ್ರ ಮನೇಲಿ ಊಟ ಇರುತ್ತೆ ಅಂತ ಗೊತ್ತಿತ್ತು ನನಗೆ. ಬೆಳಗ್ಗೆಯಿಂದ ಹಸ್ಕೊಂಡಿದೀನಿ. ಹೋಳಿಗೆ ವಾಸ್ನೆ ಬರ್ತಾ ಇದೆ!"

ಅವಳ ಹಿಂದಿನಿಂದ ಒಬ್ಬೊಬ್ಬರಾಗಿ ತಾವೂ ಉಂಡಿಲ್ಲ ಎಂದು ಒಪ್ಪಿಕೊಂಡರು. ಕೊನೆಗೆ ನೋಡಿದರೆ ಬರೆದದ್ದನ್ನು ಪಾಲಿಸಿದ್ದವರು ರಂಗಪ್ಪನವರೊಬ್ಬರೇ! ಅವರು ಎಲೆಯ ಮುಂದೆ ನಾಲ್ಕು ಗಂಟೆ ಕಾದು ಕೂತು, ಮೂರೂವರೆಗೆ ಸರಿಯಾಗಿ ಐದು ಹೋಳಿಗೆ ತಿಂದರು. ಊರಿನ ನಾನೂರು ಜನಕ್ಕೆ ಏನು ಬಡಿಸಲಿ ಎಂದು ನಾನು ಪರದಾಡುವ ಅಗತ್ಯವೇ ಬರಲಿಲ್ಲ. ಎಲ್ಲರೂ ಊಟ ಮುಗಿಸಿಕೊಂಡೇ ಬಂದಿದ್ದರು. ಅಕ್ಷತೆ ಹಾಕಿ, ಹಲ್ಲು ನೋವಿರುವವರು ಗಲ್ಲ ಹಿಡಿದುಕೊಂಡು, ಮನೆಗೆ ಹೋದರು. ಆ ಎರಡು ಸಾಲುಗಳನ್ನು ಮೂರ್ತಿಗಳು ಬೆಳಗ್ಗೆಯೇ ಕಿತ್ತಿದ್ದರೆ ನನ್ನ ಗತಿ ಏನಾಗುತ್ತಿತ್ತೋ!

ಸಾಯಂಕಾಲ ಚಕ್ರ ನಿಂತಿತು. ಅಲಮೇಲು ಸೆರಗು ಸಿಕ್ಕಿಸಿಕೊಂಡು ಹಿತ್ತಾಳೆ ತುಂಡುಗಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿದರು. ಈಗ ಮಹಾಗೂಡಿನ ಖಾನೆಗಳಲ್ಲಿ ಅವರ ಹಪ್ಪಳ ಸಂಡಿಗೆ ಇದೆ. ಖಾನೆ ಎಳೆದಾಗ ಇವತ್ತಿಗೂ ಅಚ್ಚಾಯ್ತು ಅನ್ನುತ್ತದೆ.

ಮದುವೆಗೆ ನಾನು ಮೊಬೈಲಿನ ಸುದ್ದಿಗೇ ಹೋಗಲಿಲ್ಲ. ಮೂರ್ತಿಗಳ ಹಳೆಯ ಟ್ರೆಡಲ್ ಮಷೀನಿಗೆ ಚಕ್ರ ವಾಪಸು ಹಾಕಿಸಿ, ಕಾಗದದ ಕಾರ್ಡು ಮಾಡಿಸಿದೆ. "ಅಚ್ಚಾದ ಮೇಲೆ ಒಂದಕ್ಷರ ಬದಲಾಗಬಾರದು ನೋಡಿ" ಎಂದು ಮೂರು ಸಲ ಹೇಳಿದೆ. ಹೆಸರು, ದಿನ, ಛತ್ರ ಎಲ್ಲವನ್ನೂ ಕನ್ನಡಕ ಹಾಕಿಕೊಂಡು ಪ್ರೂಫು ನೋಡಿದೆ. ಐನೂರು ಕಾರ್ಡು ಬಂದವು. ರಂಗಪ್ಪನವರ ಬಂಧುಬಳಗಕ್ಕೆಲ್ಲ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋದವು. ಆಮೇಲೆ ಅಲಮೇಲು ನನ್ನ ಕೈಗೊಂದು ಕಾರ್ಡು ಕೊಟ್ಟು, ಕೆಳಗಿನ ಸಾಲು ನೋಡಿ ಎಂದರು.

"ಮೂರ್ತಿಗಳೇ! ಪ್ರೂಫಲ್ಲಿ ಇದು ಇರಲಿಲ್ಲ!"

"ಅಡಿ ಬರೀ ಖಾಲಿ ಖಾಲಿ ಕಾಣ್ತಿತ್ತು ಕಮಲಾಕ್ಷಮ್ಮನೋರೇ" ಎಂದರು ಮೂರ್ತಿಗಳು. "ಮಾದೇಶನ ಕರಪತ್ರದ್ದು ಕಟ್ಟಿದ ಸಾಲು ಒಂದು ಪಕ್ಕದಲ್ಲೇ ಇತ್ತು. ಅಳತೆಗೆ ಸರಿಯಾಗಿ ಕೂತ್ಕೊಳ್ತು. ಆದ್ರೆ ನೀವೇನೂ ಯೋಚ್ನೆ ಮಾಡ್ಬೇಡಿ, ಇದು ಇನ್ನು ಯಾವತ್ತೂ ಬದಲಾಗಲ್ಲ!"

ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ದಂಡೆ ಮುಡಿದು, ಅದರ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ತಮ್ಮನ ಮದುವೆಯಲ್ಲಿ ಬೀಗರನ್ನು ಎದುರುಗೊಂಡವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಛತ್ರದ ಬಾಗಿಲಲ್ಲಿ ರಂಗಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಲ್ಲದ ಪಟ್ಟಿ ಬಿಗಿಯಾಗಿಲ್ಲ ಎಂದರು.